ಅಣ್ಣನ ಬೇನೆಗೆ ಪಾಂಡಪ್ಪ ಹಾಕಿದ ನಂಬರು

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ನಾಲ್ಕೈದು ವರ್ಷ ಆಗಿತ್ತು. ಜಮಖಂಡಿಯಲ್ಲಿ ಆಗ ಒಂದು ಧರ್ಮಾರ್ಥ ದವಾಖಾನೆ ಇತ್ತು. ಈಗ ಇಲ್ಲ. ನಾನು ಅಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸಕ್ಕಿದ್ದೆ. ಪಾಂಡಪ್ಪ ಅಲ್ಲಿಯ ಕಾರಕೂನ. ಈ ಬರಹ ಅವನ ಬಗ್ಗೆ.

ಪಾಂಡಪ್ಪ ರಬಕವಿಯ ನೇಕಾರರ ಮನೆಯವನು. ಅಪ್ಪ ಬೇಗ ತೀರಿಕೊಂಡ. ಅಣ್ಣ ಗಂಗಾರಾಮ ಇನ್ನೂ ಮೀಸೆ ಬರುವ ಮೊದಲೇ ಅಪ್ಪನ ಮಗ್ಗದಲ್ಲಿ ಕುಳಿತ. ತಮ್ಮನನ್ನು ಮಗ್ಗಕ್ಕೆ ಹಚ್ಚಲಿಲ್ಲ, ಸಾಲೆಗೆ ಕಳಿಸಿದ. ಪಾಂಡಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ. ಅಕ್ಷರ ದುಂಡಗೆ ಬರೆಯುತ್ತಿದ್ದ. ಇಂಗ್ಲಿಷ್ ಅಕ್ಷರವೂ ಬರುತ್ತಿತ್ತು. ಅದರ ಮೇಲೆ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಕರಿ ಕೋಟು, ಬಿಳಿ ಟೊಪ್ಪಿಗೆ ಹಾಕಿಕೊಂಡು ಬರುತ್ತಿದ್ದ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಪಡಸಾಲೆಯಲ್ಲಿ ನಿಂತಿರುತ್ತಿದ್ದ.

ಅವನ ಕೆಲಸ ಬೇನೆಗಳಿಗೆ ನಂಬರು ಹಾಕುವುದು. ಮೇಲಿನಿಂದ ಒಂದು ಅಚ್ಚಾದ ಪುಸ್ತಕ ಬಂದಿತ್ತು. ಜಗತ್ತಿನಲ್ಲಿ ಎಷ್ಟು ಬೇನೆ ಇವೆಯೋ ಅಷ್ಟಕ್ಕೂ ಅದರಲ್ಲಿ ನಂಬರು. ಡಾಕ್ಟರು ರೋಗಿಯನ್ನು ನೋಡಿ ಬೇನೆಯ ಹೆಸರು ಹೇಳುವರು. ಪಾಂಡಪ್ಪ ಪುಸ್ತಕ ತೆಗೆದು ಆ ಹೆಸರಿನ ನಂಬರು ಹುಡುಕಿ ರೋಗಿಯ ಕಾಗದದ ಮೇಲೆ ಬರೆಯುವನು. ತಿಂಗಳ ಕೊನೆಗೆ ಯಾವ ನಂಬರಿನವರು ಎಷ್ಟು ಜನ ಅಂತ ಲೆಕ್ಕ ಮೇಲೆ ಹೋಗುತ್ತಿತ್ತು. ಆ ಲೆಕ್ಕದ ಮೇಲೆ ಔಷಧಿ ಬರುತ್ತಿತ್ತು. ನಾವು ಅವನಿಗೆ ನಂಬರ್ ಪಾಂಡಪ್ಪ ಅಂತಲೇ ಅನ್ನುತ್ತಿದ್ದೆವು. ನನಗೆ ನೆಗಡಿ ಬಂದರೂ ಅವನು ಮೊದಲು ನಂಬರು ಹೇಳಿ ಆಮೇಲೆ ಹೇಗಿದ್ದೀ ಅಂತ ಕೇಳುತ್ತಿದ್ದ.

ಬೆನ್ನೆಲುಬು ಕೊಳೆಯುವ ಬೇನೆಗೆ ಆ ಪುಸ್ತಕದಲ್ಲಿ ಎರಡು ಕಡೆ ನಂಬರಿತ್ತು. ಕ್ಷಯದಿಂದ ಎಲುಬು ಕೊಳೆತರೆ ಅದು ಕ್ಷಯದ ಬೇನೆಗಳ ಸಾಲಿನಲ್ಲಿ. ಬೇರೆ ಕೀವು ಸೇರಿ ಕೊಳೆತರೆ ಎಲುಬಿನ ಬೇನೆಗಳ ಸಾಲಿನಲ್ಲಿ. ಒಂದೇ ಬೆನ್ನು, ಒಂದೇ ನೋವು. ಆದರೆ ಔಷಧಿ ಬೇರೆ. ಕೀವಿನದಕ್ಕೆ ಪೆನಿಸಿಲಿನ್ ಸೂಜಿ. ಕ್ಷಯದ್ದಕ್ಕೆ ಆಗ ಹೊಸದಾಗಿ ಬಂದಿದ್ದ ಬೇರೆ ಸೂಜಿ, ಜೊತೆಗೆ ಮೈಗೆ ಪ್ಲಾಸ್ಟರ್ ಕಟ್ಟಿ ತಿಂಗಳುಗಟ್ಟಲೆ ಅಲುಗಾಡದೆ ಮಲಗಿಸಬೇಕು. ಆ ಹೊಸ ಸೂಜಿ ಕ್ಷಯದ ನಂಬರಿನವರ ಹೆಸರಿಗೆ ಮಾತ್ರ ಬರುತ್ತಿತ್ತು.

ಒಂದು ಚಳಿಗಾಲದಲ್ಲಿ ಗಂಗಾರಾಮ ತಮ್ಮನನ್ನು ಹುಡುಕಿಕೊಂಡು ದವಾಖಾನೆಗೆ ಬಂದ. ಬೆನ್ನು ನೋವು ಅಂದ. ಮಗ್ಗದವರಿಗೆ ಬೆನ್ನು ನೋವು ಹೊಸದಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಗ್ಗಿ ಕೂರುತ್ತಾರೆ. ಆದರೆ ಇವನಿಗೆ ಸಂಜೆ ಜ್ವರ ಬರುತ್ತಿತ್ತು. ಮೈ ಒಣಗಿ ಕೋಲಾಗಿತ್ತು. ಆಗಿದ್ದ ಹಿರಿಯ ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದರು. ನನ್ನ ಕೈಯಿಂದ ಪಟ್ಟಿಯ ಸುರುಳಿಯೊಂದನ್ನು ಇಸಕೊಂಡು ನೆಲದ ಮೇಲೆ ಹಾಕಿದರು. ಎತ್ತಿಕೊಡು ಅಂದರು. ಗಂಗಾರಾಮ ಬಗ್ಗಲಿಲ್ಲ. ಬೆನ್ನು ನೆಟ್ಟಗೆ ಇಟ್ಟುಕೊಂಡು, ತೊಡೆ ಹಿಡಿದುಕೊಂಡು, ಕುಕ್ಕರಗಾಲಿನಲ್ಲಿ ಇಳಿದು ಎತ್ತಿದ. ಡಾಕ್ಟರು ಮತ್ತೇನೂ ಕೇಳಲಿಲ್ಲ. ನನ್ನನ್ನೂ ಗಂಗಾರಾಮನನ್ನೂ ಹೊರಗೆ ಕಳಿಸಿ ಪಾಂಡಪ್ಪನನ್ನು ಒಳಗೆ ಕರೆದರು.

ಒಳಗೆ ಏನು ಹೇಳಿದರು ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು. ಬೆನ್ನೆಲುಬಿನ ಕ್ಷಯ. ಮಗ್ಗ ಬಿಡಿಸು, ಬೇಗ ತಂದು ಇಲ್ಲಿ ಮಲಗಿಸು, ಅಣ್ಣನಿಗೆ ನೀನೇ ತಿಳಿಸಿ ಹೇಳು. ಇಷ್ಟು ಹೇಳಿದರು. ಕಾಗದ ಪಾಂಡಪ್ಪನೇ ಬರೆಯುವವನು. ಹಿರಿಯ ಡಾಕ್ಟರಿಗೆ ಕೈ ನಡುಗುತ್ತಿತ್ತು. ಅವರು ಬಾಯಿಂದ ಹೇಳಿ, ಬರೆದದ್ದು ಓದದೆ ಸಹಿ ಮಾತ್ರ ಮಾಡುತ್ತಿದ್ದರು. ಆ ವಾರವೇ ಅವರು ಕೆಲಸ ಬಿಟ್ಟು ಪುಣೆಗೆ ಮಗನ ಹತ್ತಿರ ಹೋದರು.

ಪಾಂಡಪ್ಪ ಎಲುಬಿನ ಕೀವಿನ ನಂಬರು ಬರೆದ.

ಯಾಕೆ ಬರೆದ ಅನ್ನುವುದು ನೇಕಾರರ ಓಣಿ ಗೊತ್ತಿದ್ದವರಿಗೆ ತಿಳಿಯುತ್ತದೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕಂಡಿಕೆ, ಅಂದರೆ ನೂಲು ಸುತ್ತಿದ ಸಣ್ಣ ಕೊಳವೆ, ಇಟ್ಟ ಮೇಲೆ ಎಳೆಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ತೂತಿಗೆ ಬಾಯಿ ಹಚ್ಚಿ ಉಸಿರು ಎಳೆಯುತ್ತಾರೆ. ಎಳೆ ತುಟಿಗೆ ಬರುತ್ತದೆ. ಕಂಡಿಕೆ ಮುಗಿದಾಗೆಲ್ಲ ಹೀಗೆ. ಇನ್ನೊಂದು ಪದ್ಧತಿ ಇದೆ. ಓಣಿಯಲ್ಲಿ ಯಾರಾದರೂ ಜಡ್ಡು ಬಿದ್ದರೆ ಅವನ ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದ ನೂಲು, ಅರ್ಧಕ್ಕೆ ನಿಲ್ಲಬಾರದು. ಬಾಜೂ ಮನೆಯವರು ತಮ್ಮ ಕೆಲಸ ಮುಗಿಸಿ ಬಂದು ಸರದಿಯ ಮೇಲೆ ಅವನ ಮಗ್ಗದಲ್ಲಿ ಕೂತು ಸೀರೆ ಇಳಿಸಿಕೊಡುತ್ತಾರೆ. ಅವನ ಲಾಳಿಗೇ ಬಾಯಿ ಹಚ್ಚುತ್ತಾರೆ. ಆ ಮನೆಯಲ್ಲಿ ಕ್ಷಯ ಇದೆ ಅಂದರೆ ಯಾರು ಬಾಯಿ ಹಚ್ಚುತ್ತಾರೆ? ಮಗ್ಗ ಮಾತ್ರ ಅಲ್ಲ, ಆ ಮನೆಯ ನೀರೂ ಮುಟ್ಟುವುದಿಲ್ಲ. ಕ್ಷಯದ ಮನೆಯವನು ದವಾಖಾನೆಯಲ್ಲಿ ಕಾರಕೂನ ಅಂದರೆ ಅಲ್ಲಿಯೂ ನಗುತ್ತಾರೆ. ಪಾಂಡಪ್ಪನಿಗೆ ಅಣ್ಣನ ಚಿಂತೆ ಎಷ್ಟಿತ್ತೋ ಕೋಟಿನ ಚಿಂತೆಯೂ ಅಷ್ಟೇ ಇತ್ತು. ಇದು ಅವನೇ ಹೇಳಿದ ಮಾತು. ನಾನು ಸೇರಿಸಿದ್ದಲ್ಲ.

ಅಣ್ಣನಿಗೆ ಎಲುಬಿನಲ್ಲಿ ಕೀವು ತುಂಬಿದೆ, ಸೂಜಿ ಹಾಕಿದರೆ ಹೋಗುತ್ತದೆ ಅಂತ ಹೇಳಿದ. ಮನೆಯಲ್ಲಿ ಮಲಗಿಸಿದ. ಪೆನಿಸಿಲಿನ್ ಸೀಸೆ ತಾನೇ ಒಯ್ದು, ರಬಕವಿಯ ಕಂಪೌಂಡರನಿಂದ ಹಾಕಿಸಿದ. ಹಿರಿಯರ ಜಾಗಕ್ಕೆ ಶುಭದಾಬಾಯಿ ಅಂತ ಹೊಸ ಡಾಕ್ಟರು ಬಂದರು. ವಯಸ್ಸು ಕಡಿಮೆ, ಮಾತೂ ಕಡಿಮೆ. ಹಿರಿಯರು ನೋಡಿ ಬರೆಸಿದ ಕಾಗದ ಅಂತ ನಂಬಿ ಅವರೂ ಅದೇ ಔಷಧಿ ಮುಂದುವರಿಸಿದರು.

ಬಾಜೂ ಮನೆಯ ಈರಪ್ಪ ಗಂಗಾರಾಮನ ಮಗ್ಗ ನೋಡಿಕೊಳ್ಳಲು ಬಂದ. ಇಬ್ಬರೂ ಸಣ್ಣವರಿದ್ದಾಗಿನಿಂದ ಗೆಳೆಯರು. ಈರಪ್ಪ ಮಗ್ಗಕ್ಕೆ ಇಳಿಯುವ ಮೊದಲು ಪಾಂಡಪ್ಪನನ್ನು ಕೇಳಿದ.

"ಡಾಕ್ಟರ್ ಏನಂದ್ರೋ?"

"ಎಲುಬಿನ್ಯಾಗ ಕೀವು ಆಗೇತಂತ."

"ಅಷ್ಟ ಹೌದಲ್ಲ? ಮತ್ತ ಬ್ಯಾರೆ ಏನ ಇಲ್ಲಲ್ಲ?"

"ಇಲ್ಲ."

"ನೀ ಬರದಂವ ಅದಿ, ನಿನ್ನ ಕೇಳಿದರ ಆತು ಬಿಡು," ಅಂದ ಈರಪ್ಪ. ಕುಣಿಯಲ್ಲಿ ಕಾಲು ಇಳಿಬಿಟ್ಟ. ಹೊಸ ಕಂಡಿಕೆ ಇಟ್ಟು ಲಾಳಿಗೆ ಬಾಯಿ ಹಚ್ಚಿ ಎಳೆದ. ಪಾಂಡಪ್ಪ ಅಲ್ಲಿಯೇ ನಿಂತಿದ್ದ. ನಿಂತು ನೋಡಿದ. ಈ ನೋಟ ತನ್ನನ್ನು ಸಾಯುವವರೆಗೆ ಬಿಡುವುದಿಲ್ಲ ಅಂತ ನನಗೆ ಹೇಳಿದ್ದ.

ತಿಂಗಳ ಮೇಲೆ ತಿಂಗಳು ಹೋಯಿತು. ಗಂಗಾರಾಮನಿಗೆ ಆರಾಮ ಆಗಲಿಲ್ಲ. ಮೊದಲು ಬೆನ್ನಿನ ನಡುವೆ ಒಂದು ಎಲುಬು ಗಿಣ್ಣಿನ ಹಾಗೆ ಎದ್ದಿತು. ಆಮೇಲೆ ಸೊಂಟದ ಬದಿಗೆ ಬಾವು ಬಂತು. ಮುಟ್ಟಿದರೆ ಬಿಸಿ ಇಲ್ಲ, ಮೆತ್ತಗೆ. ಪಾಂಡಪ್ಪ ಮೊದಲು ಪ್ರತಿ ಐತವಾರ ಊರಿಗೆ ಹೋಗುತ್ತಿದ್ದ. ನಂತರ ಹೋಗುವುದನ್ನು ಬಿಟ್ಟ. ಸೀಸೆಗಳನ್ನು ಮೋಟಾರಿನವನ ಕೈಯಲ್ಲಿ ಕಳಿಸುತ್ತಿದ್ದ. ನಮ್ಮ ಜೊತೆ ಊಟಕ್ಕೂ ಕೂರುತ್ತಿರಲಿಲ್ಲ. ಯಾರಿಗಾದರೂ ನಂಬರು ಹಾಕುವಾಗ ಎರಡೆರಡು ಸಲ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬರುತ್ತಿದ್ದ. ನಮಗೆ ನಗು ಬರುತ್ತಿತ್ತು. ನಂಬರ್ ಪಾಂಡಪ್ಪಗೆ ನಂಬರು ಮರೆತಾವ ಅಂತ ಚಾಷ್ಟಿ ಮಾಡಿದೆವು. ಅವನು ನಗಲಿಲ್ಲ.

ಒಂದು ದಿನ ಆ ಹೊಸ ಸೂಜಿಯ ಪೆಟ್ಟಿಗೆ ಬಂತು. ಕ್ಷಯದ ರೋಗಿಗಳ ಹೆಸರು ಕರೆದು ಕೊಡುವವನು ಪಾಂಡಪ್ಪನೇ. ಬಿಳಗಿ ಕಡೆಯ ಒಬ್ಬ ಮುದುಕ, ಹುನ್ನೂರಿನ ಒಬ್ಬ ಹೆಣ್ಣುಮಗಳು, ಇನ್ನೂ ಕೆಲವರು ಬೆಂಚಿನ ಮೇಲೆ ಕೂತಿದ್ದರು. ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ಆ ಹೆಣ್ಣುಮಗಳು ತನ್ನ ಹೆಸರು ಬಂದಾಗ ಎದ್ದು ಬಂದು ಸೆರಗಿನಲ್ಲಿ ಸೀಸೆ ಇಸಕೊಂಡಳು. ಅವಳಿಗೂ ಬೆನ್ನೇ, ಪ್ಲಾಸ್ಟರಿನಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದಿದ್ದಳು. ಮೊದಲು ಗೋಡೆ ಹಿಡಿದು ಬಂದವಳು ಈಗ ಹಿಡಿಯದೆ ನಡೆಯುತ್ತಿದ್ದಳು. ಪಾಂಡಪ್ಪ ಅವಳು ಬಾಗಿಲು ದಾಟುವ ತನಕ ನೋಡಿದ. ಆಮೇಲೆ ಖಾಲಿ ಪೆಟ್ಟಿಗೆ ಮುಂದೆ ಇಟ್ಟುಕೊಂಡು ಕೂತ.

ಮರುದಿನ ಅವನ ಅತ್ತಿಗೆ ಭಾಗವ್ವ ರಬಕವಿಯಿಂದ ಬಂದಳು. ಮಧ್ಯಾಹ್ನದ ಬಿಸಿಲಿನಲ್ಲಿ ಮೋಟಾರು ಇಳಿದು ಓಡುತ್ತ ಬಂದಳು. ಗಂಡನ ಕಾಲು ಮುಂಜಾನೆಯಿಂದ ಏಳುತ್ತಿಲ್ಲ ಅಂದಳು. ಚಿವುಟಿದರೂ ತಿಳಿಯುತ್ತಿಲ್ಲ. ಶುಭದಾಬಾಯಿ ಕಾಗದ ತರಿಸಿ ನೋಡಿದರು. ಇಷ್ಟು ಪೆನಿಸಿಲಿನ್ ಹೋಗಿದೆ, ಬಾವು ಇಳಿದಿಲ್ಲ, ಈಗ ಕಾಲು ಹೋಗಿದೆ, ಇದು ತಾಳೆ ಆಗುತ್ತಿಲ್ಲ ಅಂದರು. ಹಿರಿಯರು ಮತ್ತೇನಾದರೂ ಹೇಳಿದ್ದರೇ ಅಂತ ಪಾಂಡಪ್ಪನನ್ನು ಕೇಳಿದರು. ನಾನು ಅಲ್ಲಿಯೇ ಪಟ್ಟಿ ಸುತ್ತುತ್ತಿದ್ದೆ. ಭಾಗವ್ವ ಬಾಗಿಲಲ್ಲಿ ನಿಂತಿದ್ದಳು.

"ಬಾಯಿಸಾಹೇಬರ, ಆ ನಂಬರ ಖರೆ ಅಲ್ರಿ," ಅಂದ ಪಾಂಡಪ್ಪ.

"ಖರೆ ಅಲ್ಲ ಅಂದ್ರ?"

"ಹಿರೇ ಡಾಕ್ಟರು ಕ್ಷಯ ಅಂದಿದ್ರು. ನಾ ಬ್ಯಾರೇದ ಬರದೇನ್ರಿ."

ಅವರು ಸಿಟ್ಟು ಮಾಡಲಿಲ್ಲ. ಕಾಗದ ಮಡಿಸಿ ಮೇಜಿನ ಮೇಲೆ ಇಟ್ಟರು.

"ಯಾಕ ಬರದ್ರಿ?"

"ನಾಚಿಕಿ ಆತ್ರಿ."

"ನಿಮ್ಮಣ್ಣಗ ನಾಚಿಕಿ ಆಗಿರಲಿಲ್ಲಲ್ರಿ. ಅವರಿಗೆ ಗೊತ್ತ ಇರಲಿಲ್ಲ. ಕಾಲ ಹೋಗಿದ್ದು ಅವರದು."

ಪಾಂಡಪ್ಪ ತಲೆ ಬಗ್ಗಿಸಿದ. ಭಾಗವ್ವ ಮೈದುನನ ಕಡೆ ನೋಡಲೂ ಇಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತಳು.

ಡಾಕ್ಟರು ಎರಡು ಕೆಲಸ ಹೇಳಿದರು. ರೋಗಿಯನ್ನು ಹಲಗೆಯ ಮೇಲೆ ಅಲುಗಾಡದ ಹಾಗೆ ಇವತ್ತೇ ತರಬೇಕು. ಮನೆಯಲ್ಲಿ ಅವನ ಜೊತೆ ಇದ್ದವರು, ಅವನ ಸಾಮಾನು ಬಳಸಿದವರು ಯಾರು, ಅವರನ್ನೆಲ್ಲ ತಾವು ನೋಡಬೇಕು. ಆಗ ಪಾಂಡಪ್ಪ ಲಾಳಿಯ ಮಾತು ಹೇಳಿದ. ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ಕೈಯಿಂದ ಮಾಡಿ ತೋರಿಸಬೇಕಾಯಿತು. ಆ ಓಣಿಯವರಿಗೆ ನೀವೇ ಹೋಗಿ ಹೇಳಬೇಕು, ಬೇರೆ ಯಾರನ್ನೂ ಕಳಿಸಬೇಡಿ ಅಂದರು.

ನಾನು, ಪಾಂಡಪ್ಪ, ಭಾಗವ್ವ ಬಾಡಿಗೆ ಮೋಟಾರಿನಲ್ಲಿ ಒಂದು ಹಲಗೆ ಹಾಕಿಕೊಂಡು ಹೋದೆವು. ರಬಕವಿಯ ಆ ಓಣಿಗೆ ಬಂದಾಗ ಎಲ್ಲ ಮನೆಗಳಲ್ಲಿಯೂ ಮಗ್ಗದ ಸಪ್ಪಳ ನಡೆದಿತ್ತು. ಗಂಗಾರಾಮನ ಮನೆಯಲ್ಲಿಯೂ ನಡೆದಿತ್ತು. ಒಳಗೆ ಈರಪ್ಪ ಕುಣಿಯಲ್ಲಿದ್ದ. ಅವನ ಸೊಸೆ ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ತುಂಬಿದ ಬಸುರಿ. ಕಂಡಿಕೆ ಲಾಳಿಯೊಳಗೆ ಇಟ್ಟು, ಬಾಯಿ ಹಚ್ಚಿ ಎಳೆ ತೆಗೆದು, ಮಾವನ ಕೈಗೆ ಕೊಡುತ್ತಿದ್ದಳು. ಮಾವನಿಗೆ ಹಲ್ಲು ನೋವಿತ್ತಂತೆ. ಅದಕ್ಕೆ ಅವಳೇ ಎಳೆಯುತ್ತಿದ್ದಳು.

ಈರಪ್ಪ ನಮ್ಮನ್ನು ನೋಡಿ ಮಗ್ಗ ನಿಲ್ಲಿಸದೆ ನಕ್ಕ.

"ಬರ್ರಿ ಸಾಹೇಬ್ರ. ಊರಿನ ಹಾದಿ ಮರತೀರಿ ಅಂತ ಮಾಡಿದ್ನಿ. ಏನಲೇ ಕೋಟು ಇಷ್ಟ ಬಿರುಸ ಆಗೇತಿ, ನಮ್ಮ ನೂಲಿನ ಗಂಜಿ ಕದ್ದ ಹಾಕೀ ಏನ?"

ಸೊಸೆ ಮುಖ ತಿರುಗಿಸಿ ನಕ್ಕಳು. ಪಾಂಡಪ್ಪ ಹೊಸ್ತಿಲು ದಾಟಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಈರಪ್ಪಣ್ಣ, ಮಗ್ಗ ಬಿಟ್ಟ ಏಳು," ಅಂದ. "ಅಣ್ಣಗ ಕ್ಷಯ ಐತಿ. ಬೆನ್ನೆಲುಬಿಗೆ ಆಗೇತಿ. ನನಗ ಮೊದಲ ಗೊತ್ತಿತ್ತು."

ಮಗ್ಗ ನಿಂತಿತು. ಸೊಸೆಯ ಕೈಯಲ್ಲಿ ಲಾಳಿ ಇತ್ತು. ಅವಳು ಅದನ್ನು ನೆಲದ ಮೇಲೆ ಇಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು. ಈರಪ್ಪನಿಗೆ ಮಾತು ಒಮ್ಮೆಗೇ ತಿಳಿಯಲಿಲ್ಲ. ಯಾವಾಗ ಗೊತ್ತಿತ್ತು ಅಂತ ಕೇಳಿದ. ನೀನು ಕೇಳಿದ ದಿನವೇ ಗೊತ್ತಿತ್ತು ಅಂತ ಪಾಂಡಪ್ಪ ಹೇಳಿದ. ಈರಪ್ಪ ಕುಣಿಯಿಂದ ಮೇಲೆ ಬಂದ. ಹೊಡೆಯುತ್ತಾನೆ ಅಂತ ನಾನು ನಡುವೆ ನಿಂತೆ. ಹೊಡೆಯಲಿಲ್ಲ.

"ನಮ್ಮ ಸೊಸಿ ಬಸರದಾಳಲೇ," ಅಂದ ಅಷ್ಟೇ. ಅವಳ ಕೈ ಹಿಡಿದು ಎಬ್ಬಿಸಿಕೊಂಡು, ಪಾಂಡಪ್ಪನ ಮೈ ತಾಗದ ಹಾಗೆ ಗೋಡೆಗೆ ಸರಿದು ಹೊರಗೆ ಹೋದ.

ಓಣಿಯಲ್ಲಿ ಸುದ್ದಿ ಹೋಗಲು ಹೊತ್ತು ಬೇಕಾಗಲಿಲ್ಲ. ಒಂದೊಂದೇ ಮನೆಯ ಮಗ್ಗ ನಿಂತಿತು. ಜನ ಬಾಗಿಲಿಗೆ ಬಂದು ನಿಂತರು. ಇನ್ನೂ ಇಬ್ಬರು ಮೂವರು ಆ ಮಗ್ಗದಲ್ಲಿ ಕೂತವರಿದ್ದರು. ಅವರಲ್ಲಿ ಒಬ್ಬ ರಸ್ತೆಯಲ್ಲೇ ನೀರು ತರಿಸಿ ಬಾಯಿ ಮುಕ್ಕಳಿಸಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಪಾಂಡಪ್ಪನಿಗೆ ಹಗುರ ಆಗುತ್ತಿತ್ತೋ ಏನೋ.

ಒಳಕೋಣೆಯಲ್ಲಿ ಗಂಗಾರಾಮ ಮಲಗಿದ್ದ. ಎಲ್ಲ ಕೇಳಿಸಿತ್ತು. ನಾವು ಹಲಗೆ ತೆಗೆದುಕೊಂಡು ಒಳಗೆ ಹೋದೆವು. ಅವನ ಕಾಲುಗಳು ಬೇರೆಯವರ ಕಾಲಿನ ಹಾಗೆ ಬಿದ್ದಿದ್ದವು. ಅವನು ತಮ್ಮನಿಗೆ ಹತ್ತಿರ ಬಾ ಅಂದ. ಪಾಂಡಪ್ಪ ಹಾಸಿಗೆಯ ಪಕ್ಕ ಕೂತು, ತಪ್ಪಾಯಿತು ಅಂತ ಹೇಳಲು ಹೋದ. ಗಂಗಾರಾಮ ಮೇಲೆ ಜಂತಿ ನೋಡುತ್ತ ಮೆಲ್ಲಗೆ ಹೇಳಿದ.

"ನನಗ ಕೇಳಿದ್ದರ ನಾನೂ ಹಂಗ ಬರಿ ಅಂತಿದ್ನೋ ಏನೋ. ನನಗೂ ಮಾನ ಐತಿ. ಆದರ ಈರಪ್ಪಗ ಮಗ್ಗದಾಗ ಕುಂಡ್ರು ಅಂತಿರಲಿಲ್ಲೋ ತಮ್ಮಾ. ಹಾಸು ಕೊಯ್ದ ಒಲಿಗೆ ಹಾಕ್ತಿದ್ನಿ."

ಪಾಂಡಪ್ಪ ಅಳಲಿಲ್ಲ. ಅವನ ಮುಖ ನೋಡಲು ನನಗೇ ಆಗಲಿಲ್ಲ. ನಾನು ಹಲಗೆ ಸರಿ ಮಾಡಿದೆ. ಮಗ್ಗುಲಿಗೆ ಬಟ್ಟೆ ತುರುಕಿ ಕಟ್ಟಿದೆ. ಹೊರಲು ನಾಲ್ಕು ಜನ ಬೇಕು. ನಾವು ಇದ್ದದ್ದು ಇಬ್ಬರು. ಭಾಗವ್ವ ಒಂದು ಮೂಲೆ ಹಿಡಿದಳು. ನಾಲ್ಕನೆಯ ಮೂಲೆಗೆ ಯಾರೂ ಬರಲಿಲ್ಲ. ಓಣಿ ತುಂಬ ಜನ ಇದ್ದರು. ಪಾಂಡಪ್ಪ ಯಾರನ್ನೂ ಕರೆಯಲಿಲ್ಲ, ಕರೆಯುವ ಮುಖ ಇರಲಿಲ್ಲ. ಕೊನೆಗೆ ಈರಪ್ಪನೇ ತನ್ನ ಮನೆಯಿಂದ ಬಂದ. ಬಾಯಿಗೆ ವಸ್ತ್ರ ಕಟ್ಟಿಕೊಂಡಿದ್ದ. ಗಂಗಾರಾಮನ ತಲೆಯ ಕಡೆ ಹಿಡಿದು ಎತ್ತಿದ. ಮೋಟಾರಿನ ತನಕ ಹೊತ್ತ. ಗಂಗಾರಾಮನಿಗೆ ಆರಾಮ ಆಗಿ ಬಾ ಅಂತ ಹೇಳಿದ. ಪಾಂಡಪ್ಪ ಅವನ ಎದುರಿಗೇ ಹಲಗೆಯ ಇನ್ನೊಂದು ಕಡೆ ಹಿಡಿದಿದ್ದ. ಈರಪ್ಪ ಅವನ ಜೊತೆ ಒಂದು ಮಾತೂ ಆಡಲಿಲ್ಲ.

ಎರಡು ದಿನದ ಮೇಲೆ ಶುಭದಾಬಾಯಿ ಓಣಿಗೆ ಹೋಗಿ ಎಲ್ಲರ ಎದೆ ನೋಡಿದರು. ಗಂಗಾರಾಮನಿಗೆ ಕೆಮ್ಮು ಇಲ್ಲ, ಕಫ ಇಲ್ಲ. ಎಲುಬಿನೊಳಗಿನದು ಲಾಳಿಯಿಂದ ಹರಡುವುದಿಲ್ಲ ಅಂತ ತಿಳಿಸಿ ಹೇಳಿದರು. ಯಾರಿಗೂ ಏನೂ ಆಗಿರಲಿಲ್ಲ. ಈರಪ್ಪನ ಸೊಸೆಗೆ ಗಂಡು ಕೂಸು ಹುಟ್ಟಿತು, ಚೆನ್ನಾಗಿಯೇ ಇತ್ತು. ಮೊದಲೇ ಸರಿ ನಂಬರು ಹಾಕಿ, ಡಾಕ್ಟರಿಂದ ಈ ಮಾತು ಓಣಿಯವರಿಗೆ ಹೇಳಿಸಿದ್ದರೆ ಮಗ್ಗವೂ ನಡೆಯುತ್ತಿತ್ತು, ಕಾಲೂ ಉಳಿಯುತ್ತಿತ್ತು. ಪಾಂಡಪ್ಪನಿಗೆ ಇದು ತಿಳಿದ ದಿನ ಅವನು ಕೆಲಸ ಬಿಡುತ್ತೇನೆ ಅಂತ ಬರೆದು ಕೊಟ್ಟ. ಡಾಕ್ಟರು ತೆಗೆದುಕೊಳ್ಳಲಿಲ್ಲ. ಹೋಗುವುದು ಸುಲಭ, ಇಲ್ಲಿ ಕೂತು ಅಣ್ಣನ ಹೆಸರು ಕರೆಯಿರಿ ಅಂದರು.

ಅವನು ಕರೆದ. ಮುಂದಿನ ಸಲ ಪೆಟ್ಟಿಗೆ ಬಂದಾಗ ಬೆಂಚಿನವರ ಮುಂದೆ ಅಣ್ಣನ ಹೆಸರು ಕರೆದು, ತಾನೇ ಎದ್ದು ಸೀಸೆ ತೆಗೆದುಕೊಂಡು, ಒಳಗೆ ಒಯ್ದ. ಪ್ರತಿ ಸಲ ಹೀಗೆ. ಗಂಗಾರಾಮ ಪ್ಲಾಸ್ಟರಿನಲ್ಲಿ ವರ್ಷದ ಮೇಲೆ ಮಲಗಿದ್ದ. ಬಾವು ಹೋಯಿತು, ಜ್ವರ ಹೋಯಿತು. ಒಂದು ಕಾಲಿಗೆ ಶಕ್ತಿ ಬಂತು. ಇನ್ನೊಂದು ಪೂರ್ತಿ ಬರಲಿಲ್ಲ. ಬೆನ್ನು ಗೂನಾಗಿಯೇ ಉಳಿಯಿತು. ಕೋಲು ಹಿಡಿದು ಓಣಿಯ ಕೊನೆಯ ತನಕ ನಡೆಯುತ್ತಿದ್ದ. ಕುಣಿಯಲ್ಲಿ ಮತ್ತೆ ಕೂರಲಿಲ್ಲ. ಮಗ್ಗ ಮಾರಿದರು. ಭಾಗವ್ವ ಬೇರೆಯವರ ಮನೆಗೆ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಪಾಂಡಪ್ಪ ತನ್ನ ಪಗಾರದಲ್ಲಿ ಆ ಮನೆ ನಡೆಸಿದ. ಮದುವೆ ಮಾಡಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಿದ್ದ.

ಈರಪ್ಪ ದಿನಾ ಸಂಜೆ ಗಂಗಾರಾಮನ ಕಟ್ಟೆಗೆ ಬರುತ್ತಿದ್ದ. ಇಬ್ಬರೂ ತಂಬಾಕು ತಿಕ್ಕುತ್ತ ಮಾತಾಡುವರು. ಪಾಂಡಪ್ಪ ಊರಿಗೆ ಬಂದ ದಿನ ಮಾತ್ರ ಈರಪ್ಪ ಬರುತ್ತಿರಲಿಲ್ಲ. ಅದು ತಿಳಿದು ಪಾಂಡಪ್ಪ ಮಧ್ಯಾಹ್ನ ಬಂದು, ಈರಪ್ಪ ಬರುವ ಹೊತ್ತಿನ ಮೊದಲೇ ಮೋಟಾರು ಹಿಡಿಯುತ್ತಿದ್ದ. ಅಣ್ಣನ ಸಂಜೆ ಕೆಡಬಾರದು ಅಂತ.

ದವಾಖಾನೆಗೆ ಆ ಓಣಿಯವರು ಯಾರು ಬಂದರೂ ಪಾಂಡಪ್ಪ ಕಾಗದ ಬರೆಯುತ್ತಿರಲಿಲ್ಲ. ಒಂದು ಸಲ ಈರಪ್ಪನ ಸೊಸೆ ಮಗುವಿಗೆ ಕಿವಿ ನೋವು ಅಂತ ಬಂದಳು. ಪಾಂಡಪ್ಪನ ಮೇಜಿನ ಮುಂದೆ ಕೂತು ಹೆಸರು ಹೇಳಿದಳು. ಅವನು ಪೆನ್ನು ಕೆಳಗಿಟ್ಟ. ಖಾಲಿ ಕಾಗದ ತೆಗೆದುಕೊಂಡು ಒಳಗೆ ಹೋಗಿ ಡಾಕ್ಟರ ಮುಂದೆ ಇಟ್ಟ.

"ಇದನ್ನ ನೀವ ಬರೀರಿ ಬಾಯಿಸಾಹೇಬರ," ಅಂದ.

ಶುಭದಾಬಾಯಿ ಯಾಕೆ ಅಂತ ಕೇಳಲಿಲ್ಲ. ಬರೆದು ಕೊಟ್ಟರು. ಅವನು ಅದನ್ನು ತಂದು ಆ ಹೆಣ್ಣುಮಗಳ ಕಡೆ ನೋಡದೆ ಮೇಜಿನ ಮೇಲೆ ಇಟ್ಟ. ಅವಳು ಎದ್ದು ಹೋಗುವ ತನಕ ಹಿತ್ತಲ ಕಡೆಯ ಬಾಗಿಲಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದ.